ಸ್ವಾತಂತ್ರ್ಯಪುರದ ಗೃಹಸ್ಥ

ಊರಿನ ಹೆಸರಿಗೂ ಊರಿನವರ ಬಾಳಿಗೂ ನಂಟಿರಲೇಬೇಕೆಂಬ ನಿಯಮವೇನೂ ಇಲ್ಲ. ಆದರೂ ಕೆಲವು ಹೆಸರುಗಳು ಅಲ್ಲಿ ಹುಟ್ಟಿದವರನ್ನು ಒಂದಲ್ಲ ಒಂದು ದಿನ ಪ್ರಶ್ನೆ ಕೇಳದೆ ಬಿಡುವುದಿಲ್ಲ. ಅಮೆರಿಕಾ ಸಂಯುಕ್ತ ಸಂಸ್ಥಾನದ ನಡುಭಾಗದಲ್ಲಿ, ಮಿಸೌರಿ ರಾಜ್ಯದ ಕಾನ್ಸಾಸ್ ಸಿಟಿ ಮಹಾನಗರದ ಮಗ್ಗುಲಲ್ಲಿ, ಇಂಡಿಪೆಂಡೆನ್ಸ್ ಎಂಬ ಊರಿದೆ. ಕನ್ನಡದಲ್ಲಿ ಹೇಳುವುದಾದರೆ ಸ್ವಾತಂತ್ರ್ಯಪುರ. ಅಲ್ಲಿ 1958ರಲ್ಲಿ ಹುಟ್ಟಿ, ಅಲ್ಲಿಯೇ ಬೆಳೆದು, ಅಲ್ಲಿಯೇ ಮುಪ್ಪಿನ ಹೊಸ್ತಿಲನ್ನು ದಾಟಿದ ಗೃಹಸ್ಥನೊಬ್ಬನಿದ್ದಾನೆ. ಆತ ಪಂಡಿತನಲ್ಲ, ರಾಜಕಾರಣಿಯಲ್ಲ. ಪುಸ್ತಕಗಳಿಗೆ ರಟ್ಟು ಕಟ್ಟುವ ಕೆಲಸದವನು. ತನ್ನ ದೇಶದ ಸರ್ಕಾರವನ್ನೂ ಅಲ್ಲಿಯ ವೈದ್ಯಕೀಯ ವ್ಯವಸ್ಥೆಯನ್ನೂ ಕುರಿತು ಆತನು ಮಾಡಿರುವ ವಿಚಾರವೆಲ್ಲ ಮನೆಗೆ ಬಂದ ಬಿಲ್ಲುಗಳಿಂದ ಹುಟ್ಟಿದ್ದು.

ಆ ಸೀಮೆಯ ಜನಕ್ಕೆ ಸರ್ಕಾರವೆಂದರೆ ಸ್ವಲ್ಪ ದೂರದ ನೆಂಟ. ರಸ್ತೆ ಹಾಕಲಿ, ಅಂಚೆ ತರಲಿ, ಶತ್ರು ಬಂದರೆ ಸೈನ್ಯ ಕಳುಹಿಸಲಿ. ಆದರೆ ಮನೆಯ ಒಳಗೆ ಕಾಲಿಡುವುದು ಬೇಡ ಎಂಬ ಭಾವನೆ ಅಲ್ಲಿ ಮಕ್ಕಳಿಗೆ ತಾಯಿಯ ಹಾಲಿನೊಡನೆಯೇ ಬರುತ್ತದೆ. ಈ ಗೃಹಸ್ಥನೂ ಹಾಗೆಯೇ ಬೆಳೆದವನು. ದುಡಿದು ತಿನ್ನುವವನಿಗೆ ಇನ್ನೊಬ್ಬರ ಹಂಗೇಕೆ ಎನ್ನುವುದು ಆತನ ತಂದೆಯ ಮಾತು. ಆ ಮಾತಿನಲ್ಲಿ ಸತ್ವವಿಲ್ಲದೆ ಇಲ್ಲ. ಹಂಗಿನ ಅರಮನೆಗಿಂತ ಗುಡಿಸಲು ಲೇಸೆಂದು ಎಲ್ಲ ದೇಶದ ಸ್ವಾಭಿಮಾನಿಗಳೂ ಹೇಳಿದ್ದಾರೆ. ಆದರೆ ಹಂಗು ಯಾವ ವೇಷದಲ್ಲಿ ಬರುತ್ತದೆಂಬುದನ್ನು ಮೊದಲೇ ತಿಳಿಯುವುದು ಸುಲಭವಲ್ಲ.

ವಿಚಿತ್ರವೆಂದರೆ, ವೈದ್ಯದ ವೆಚ್ಚವನ್ನು ರಾಷ್ಟ್ರವೇ ವಿಮೆಯ ಮೂಲಕ ಹೊರಬೇಕೆಂದು ಗಟ್ಟಿಯಾಗಿ ಹೇಳಿದ ಅಧ್ಯಕ್ಷರು ಇದೇ ಊರಿನವರು. ಹ್ಯಾರಿ ಟ್ರೂಮನ್ನರು 1945ರ ನವೆಂಬರ್ 19ರಂದು ಕಾಂಗ್ರೆಸ್ ಸಭೆಗೆ ಒಂದು ಸಂದೇಶವನ್ನು ಕಳುಹಿಸಿದರು. ಯುದ್ಧದ ಕಾಲದಲ್ಲಿ ಸೈನ್ಯಕ್ಕೆಂದು ಪರೀಕ್ಷಿಸಲಾದ ತರುಣರಲ್ಲಿ ಸುಮಾರು 50 ಲಕ್ಷ ಜನ ದೇಹದಾರ್ಢ್ಯವಿಲ್ಲದೆ ತಿರಸ್ಕೃತರಾಗಿದ್ದರೆಂಬುದನ್ನು ಅವರು ಅದರಲ್ಲಿ ಎತ್ತಿ ತೋರಿಸಿದ್ದರು. ಎಲ್ಲರೂ ಕಂತು ಕಟ್ಟಲಿ, ಎಲ್ಲರಿಗೂ ಚಿಕಿತ್ಸೆ ಸಿಗಲಿ, ವೈದ್ಯನನ್ನು ಆರಿಸಿಕೊಳ್ಳುವ ಹಕ್ಕು ರೋಗಿಗೇ ಇರಲಿ ಎಂಬುದು ಅವರ ಸೂಚನೆಯ ಸಾರ. ಅಮೆರಿಕಾದ ವೈದ್ಯರ ಸಂಘ ಅದನ್ನು ಸಮಾಜವಾದದ ವೈದ್ಯವೆಂದು ಹೆಸರಿಟ್ಟು ಎದುರಿಸಿತು. ಸಮಾಜವಾದವೆಂಬ ಶಬ್ದ ಆಗ ಅಲ್ಲಿ ಮಾರಿಯ ಹೆಸರಿನಂತಿತ್ತು. ಕೇಳಿದವರು ಬಾಗಿಲು ಹಾಕಿಕೊಂಡರು. ಸೂಚನೆ ಅಲ್ಲಿಗೇ ನಿಂತಿತು.

20 ವರ್ಷಗಳ ಅನಂತರ, 1965ರ ಜುಲೈ 30ರಂದು, ಅಧ್ಯಕ್ಷ ಲಿಂಡನ್ ಜಾನ್ಸನ್ನರು ವಾಷಿಂಗ್ಟನ್ನಿನಿಂದ ಇಂಡಿಪೆಂಡೆನ್ಸಿಗೆ ಬಂದು, 81 ವರ್ಷದ ಟ್ರೂಮನ್ನರ ಪಕ್ಕದಲ್ಲಿ ಕುಳಿತು, ಅವರ ಹೆಸರಿನ ಗ್ರಂಥಾಲಯದಲ್ಲಿಯೇ ಮೆಡಿಕೇರ್ ಶಾಸನಕ್ಕೆ ಸಹಿ ಹಾಕಿದರು. 65 ವರ್ಷ ತುಂಬಿದವರಿಗೆ ಮೆಡಿಕೇರ್, ಕಡು ಬಡವರಿಗೆ ಮೆಡಿಕೇಡ್. ಮೊದಲನೆಯ ಸದಸ್ಯರಾಗಿ ಟ್ರೂಮನ್ನರ ಹೆಸರನ್ನೇ ಬರೆದರು. ಎರಡನೆಯ ಹೆಸರು ಅವರ ಪತ್ನಿಯದು. ಗೃಹಸ್ಥ ಆಗ ಏಳು ವರ್ಷದ ಹುಡುಗ. ಊರಿಗೆ ಅಧ್ಯಕ್ಷರು ಬಂದರೆಂಬ ಸಂಭ್ರಮವಷ್ಟೇ ಆತನಿಗೆ ನೆನಪಿದೆ. ಆ ಸಹಿಯ ಫಲ ತನ್ನ ಕೈಗೆ ಬರಲು 58 ವರ್ಷ ಕಾಯಬೇಕೆಂದು ಆ ಹುಡುಗನಿಗೆ ಹೇಗೆ ತಿಳಿಯಬೇಕು?

ಹುಟ್ಟಿನಿಂದ 65ರವರೆಗಿನ ಆ ದೀರ್ಘಕಾಲ ಅಮೆರಿಕಾದ ಪ್ರಜೆ ಏನು ಮಾಡುತ್ತಾನೆಂದು ವಾಚಕರು ಕೇಳಬಹುದು. ಬಹುಮಂದಿಯ ವಿಮೆ ಅವರ ಉದ್ಯೋಗದೊಡನೆ ಬರುತ್ತದೆ. ಈ ಪದ್ಧತಿಯನ್ನು ಯಾರೂ ಕುಳಿತು ಯೋಚಿಸಿ ಕಟ್ಟಿದ್ದಲ್ಲ. 1929ರಲ್ಲಿ ಟೆಕ್ಸಾಸಿನ ಡಲ್ಲಾಸ್ ನಗರದ ಬೇಲರ್ ಆಸ್ಪತ್ರೆಯವರು ಶಾಲೆಯ ಉಪಾಧ್ಯಾಯರಿಂದ ತಿಂಗಳಿಗೆ 50 ಸೆಂಟು ಪಡೆದು, ಕಾಯಿಲೆ ಬಂದರೆ 21 ದಿನಗಳ ಆಸ್ಪತ್ರೆವಾಸ ಕೊಡುವುದಾಗಿ ಒಪ್ಪಿದರು. ಅದು ಮೊಳಕೆ. ಎರಡನೆಯ ಮಹಾಯುದ್ಧದಲ್ಲಿ ಅದಕ್ಕೆ ಗೊಬ್ಬರ ಬಿತ್ತು. ಬೆಲೆಗಳು ಏರದಿರಲೆಂದು 1942ರಲ್ಲಿ ಸರ್ಕಾರ ಕೂಲಿಯ ದರಕ್ಕೆ ತಡೆ ಹಾಕಿದಾಗ, ಆಳುಗಳಿಲ್ಲದೆ ಪರದಾಡುತ್ತಿದ್ದ ಕಾರ್ಖಾನೆಗಳು ಹೆಚ್ಚು ಕೂಲಿಯ ಬದಲು ವಿಮೆಯನ್ನು ಕೊಡತೊಡಗಿದವು. ಆ ವಿಮೆಯ ಹಣಕ್ಕೆ ತೆರಿಗೆಯಿಲ್ಲವೆಂದು 1954ರ ಶಾಸನ ಸ್ಪಷ್ಟಪಡಿಸಿತು. ಹೀಗೆ ಯುದ್ಧಕಾಲದ ಒಂದು ಉಪಾಯ ಶಾಂತಿಕಾಲದ ಕಟ್ಟಳೆಯಾಗಿ ಉಳಿಯಿತು. ಸರ್ಕಾರದ ಹಂಗು ಬೇಡವೆಂದ ಜನ ಅರಿಯದೆಯೇ ಧಣಿಯ ಹಂಗಿಗೆ ಬಿದ್ದರು.

ಗೃಹಸ್ಥನು ಕಾನ್ಸಾಸ್ ಸಿಟಿಯ ಒಂದು ಮುದ್ರಣಾಲಯದಲ್ಲಿ ರಟ್ಟು ಕಟ್ಟುವ ವಿಭಾಗಕ್ಕೆ ಸೇರಿದ. ಸಂಬಳ ಸಾಧಾರಣ, ವಿಮೆ ಚೆನ್ನಾಗಿತ್ತು. ಮದುವೆಯಾಯಿತು. 1993ರಲ್ಲಿ ಆತನ ಪತ್ನಿಗೆ ಸಕ್ಕರೆ ಕಾಯಿಲೆ ಕಾಣಿಸಿತು. ದಿನವೂ ಇನ್ಸುಲಿನ್ ಚುಚ್ಚಿಕೊಳ್ಳಬೇಕಾದ ಬಗೆಯದು. ಆ ವರ್ಷವೇ ಅಧ್ಯಕ್ಷ ಕ್ಲಿಂಟನ್ನರು ಎಲ್ಲರಿಗೂ ವಿಮೆ ದೊರಕಿಸುವ ಯೋಜನೆಯೊಂದನ್ನು ಮುಂದಿಟ್ಟರು. ವಿಮಾ ಕಂಪನಿಗಳ ಸಂಘದವರು ಅದರ ವಿರುದ್ಧ ದೂರದರ್ಶನದಲ್ಲಿ ಒಂದು ಜಾಹೀರಾತನ್ನು ತೋರಿಸಿದರು: ಅಡುಗೆಮನೆಯ ಮೇಜಿನ ಬಳಿ ಕುಳಿತ ಮಧ್ಯಮ ವರ್ಗದ ದಂಪತಿಗಳು, ಸರ್ಕಾರ ತಮ್ಮ ಆಯ್ಕೆಯನ್ನು ಕಸಿದುಕೊಳ್ಳುವುದೆಂದು ಕಳವಳಪಡುವ ದೃಶ್ಯ. ಇಂಡಿಪೆಂಡೆನ್ಸಿನ ದಂಪತಿಗಳೂ ತಮ್ಮ ಅಡುಗೆಮನೆಯಲ್ಲಿ ಕುಳಿತು ಅದನ್ನು ನೋಡಿ ತಲೆದೂಗಿದರು. 1994ರಲ್ಲಿ ಆ ಯೋಜನೆ ಮುರಿದುಬಿತ್ತು. ಅವರಿಗೆ ವ್ಯಥೆಯೇನೂ ಆಗಲಿಲ್ಲ.

ಮರುವರ್ಷ ಆತನಿಗೆ ಸ್ವಂತ ಅಂಗಡಿ ತೆರೆಯುವ ಆಸೆ ಹುಟ್ಟಿತು. ವಯಸ್ಸು 37, ಕೈಯಲ್ಲಿ ಕಸುಬಿತ್ತು, ಬ್ಯಾಂಕಿನಲ್ಲಿ ಅಷ್ಟಿಷ್ಟು ಹಣವಿತ್ತು, ಹಳೆಯ ಗ್ರಂಥಗಳನ್ನು ದುರಸ್ತಿಗೆ ತರುವ ಗಿರಾಕಿಗಳ ಪರಿಚಯವಿತ್ತು. ಅಂಗಡಿಗೆ ಸ್ಥಳವನ್ನೂ ನೋಡಿ ಬಂದ. ಆಮೇಲೆ ಸಂಸಾರಕ್ಕೆ ವಿಮೆಯನ್ನು ಕೇಳಿಕೊಂಡು ಹೊರಟ. ಒಂದು ಕಂಪನಿಯವರು, ಈಗಾಗಲೇ ಇರುವ ಕಾಯಿಲೆಗೆ ವಿಮೆ ಕೊಡಲಾಗದೆಂದರು. ಇನ್ನೊಂದು ಕಂಪನಿಯವರು ಕೇಳಿದ ತಿಂಗಳ ಕಂತು ಅಂಗಡಿಯ ಬಾಡಿಗೆಯನ್ನು ಮೀರಿತ್ತು. ಬೆಂಕಿ ಹತ್ತಿದ ಮನೆಗೆ ವಿಮೆ ಮಾಡುವವರು ಯಾರು ಎಂಬುದು ಅವರ ತರ್ಕ. ವ್ಯಾಪಾರದ ದೃಷ್ಟಿಯಿಂದ ಅದರಲ್ಲಿ ತಪ್ಪಿರಲಿಲ್ಲ. ಆದರೆ ಬೆಂಕಿ ಹತ್ತಿದ್ದು ಮನೆಗಲ್ಲ, ಕೈಹಿಡಿದ ಹೆಂಡತಿಯ ಮೈಗೆ. ಗೃಹಸ್ಥನು ಸುಮ್ಮನೆ ಮುದ್ರಣಾಲಯಕ್ಕೆ ಹಿಂದಿರುಗಿದ.

ಬಿಟ್ಟು ಹೋಗಬೇಡವೆಂದು ಆತನನ್ನು ಯಾರೂ ಕಟ್ಟಿಹಾಕಿರಲಿಲ್ಲ. ಸಂವಿಧಾನ ಆತನಿಗೆ ಮಾತಿನ ಸ್ವಾತಂತ್ರ್ಯ ಕೊಟ್ಟಿತ್ತು, ಪೂಜೆಯ ಸ್ವಾತಂತ್ರ್ಯ ಕೊಟ್ಟಿತ್ತು. ಎದ್ದು ಹೋಗುವ ಸ್ವಾತಂತ್ರ್ಯ ಮಾತ್ರ ಹೆಂಡತಿಯ ಇನ್ಸುಲಿನ್ ಸೀಸೆಯೊಳಗೆ ಸಿಕ್ಕಿಕೊಂಡಿತ್ತು. ಆ ದೇಶದಲ್ಲಿ ಇಂತಹವರು ಎಷ್ಟೋ ಮಂದಿ. ಬೆಂಗಳೂರು ಮೈಸೂರುಗಳಿಂದ ಹೋಗಿ ತಾತ್ಕಾಲಿಕ ಪರವಾನಗಿಯ ಮೇಲೆ ಅಲ್ಲಿ ಕಂಪ್ಯೂಟರಿನ ಕೆಲಸ ಮಾಡುವ ತರುಣರಿಗಂತೂ ಈ ಹಗ್ಗ ಎರಡೆಳೆಯದು. ಮನೆಮಂದಿಯ ವಿಮೆಯೂ ಉದ್ಯೋಗದಿಂದ, ದೇಶದಲ್ಲಿ ಇರುವ ಅಪ್ಪಣೆಯೂ ಉದ್ಯೋಗದಿಂದ. ಮಗನ ಮಾತಿನಲ್ಲಿ ಅಕಾರಣವಾಗಿ ಕಾಣುವ ಅಂಜಿಕೆಗೆ ಅರ್ಥವೇನೆಂದು ಇಲ್ಲಿಯ ತಂದೆತಾಯಿಗಳಿಗೆ ಹೊಳೆಯದಿರಬಹುದು.

2012ರ ಜೂನ್ ಕೊನೆಗೆ ಆ ಮುದ್ರಣಾಲಯ ರಟ್ಟು ಕಟ್ಟುವ ವಿಭಾಗವನ್ನೇ ಮುಚ್ಚಿ ಆತನನ್ನು ಕೆಲಸದಿಂದ ಬಿಡಿಸಿತು. ಬಿಡಲಾಗದೆ ಹಿಡಿದುಕೊಂಡಿದ್ದ ಕೊಂಬೆ ತಾನಾಗಿಯೇ ಮುರಿಯಿತು. ಕೆಲಸ ಹೋದ ಮೇಲೂ 18 ತಿಂಗಳ ಕಾಲ ಹಳೆಯ ವಿಮೆಯಲ್ಲಿಯೇ ಮುಂದುವರಿಯಲು 1980ರ ದಶಕದ ಒಂದು ಶಾಸನ ಅವಕಾಶ ಕೊಟ್ಟಿದೆ. ಆದರೆ ಧಣಿ ಕಟ್ಟುತ್ತಿದ್ದ ಪಾಲನ್ನೂ ಕೆಲಸ ಕಳೆದುಕೊಂಡವನೇ ಕಟ್ಟಬೇಕು. ಮೇಲೆ ಖರ್ಚಿಗೆಂದು ನೂರಕ್ಕೆ 2ರಷ್ಟು. ಸಂಬಳವಿದ್ದಾಗ ಕಾಣದ ಹೊರೆ ಸಂಬಳ ನಿಂತಾಗ ಹೆಗಲಿಗೇರಿತು. ಅಂಗಡಿಗೆಂದು 1995ರಿಂದ ಮುಟ್ಟದೆ ಇಟ್ಟಿದ್ದ ಹಣ ಆ 18 ತಿಂಗಳುಗಳಲ್ಲಿ ಕರಗುತ್ತ ಬಂತು.

"ಇನ್ನೆಷ್ಟು ತಿಂಗಳಿಗೆ ಸಾಕಾದೀತು?" ಎಂದು ಆಕೆ ಒಂದು ರಾತ್ರಿ ಕೇಳಿದಳು. ಆತ ಲೆಕ್ಕದ ಪುಸ್ತಕವನ್ನು ಮುಚ್ಚಿ, "ಸಾಕಾಗುವಷ್ಟಿದೆ" ಎಂದ. ಆಕೆ ಎರಡನೆಯ ಬಾರಿ ಕೇಳಲಿಲ್ಲ. ಇನ್ಸುಲಿನ್ನನ್ನು ಅಳತೆಗಿಂತ ಸ್ವಲ್ಪ ಕಡಿಮೆ ಚುಚ್ಚಿಕೊಂಡು ಸೀಸೆಯನ್ನು ಉಳಿಸತೊಡಗಿದ್ದಳೆಂಬುದು ಆತನಿಗೆ ತಿಳಿದದ್ದು ತಿಂಗಳುಗಳ ಮೇಲೆ. ಕಂಡುಹಿಡಿದವರು 1923ರಲ್ಲಿ ತಲೆಗೆ ಒಂದೊಂದು ಡಾಲರಿಗೆ ಟೊರಾಂಟೊ ವಿಶ್ವವಿದ್ಯಾಲಯಕ್ಕೆ ಹಕ್ಕು ಬಿಟ್ಟುಕೊಟ್ಟ ಔಷಧ ಅದು. ಆ ಔಷಧವನ್ನು ಹನಿ ಲೆಕ್ಕದಲ್ಲಿ ಉಳಿಸುವ ಕಾಲ ಲೋಕದ ಅತ್ಯಂತ ಶ್ರೀಮಂತ ದೇಶದ ಗೃಹಿಣಿಗೆ ಬಂದಿತ್ತು.

ಈ ನಡುವೆ 2010ರ ಮಾರ್ಚ್ 23ರಂದು ಅಧ್ಯಕ್ಷ ಒಬಾಮಾ ಸಹಿ ಹಾಕಿದ ಶಾಸನದ ಮುಖ್ಯ ಭಾಗಗಳು 2014ರ ಜನವರಿ 1ರಿಂದ ಜಾರಿಗೆ ಬಂದವು. ಕಾಯಿಲೆಯಿದೆಯೆಂದು ಯಾರಿಗೂ ವಿಮೆಯನ್ನು ನಿರಾಕರಿಸಕೂಡದು, ಅದಕ್ಕಾಗಿ ಹೆಚ್ಚು ದರವನ್ನೂ ಕೇಳಕೂಡದು ಎಂದು ಅದು ವಿಧಿಸಿತು. ಗೃಹಸ್ಥನು ಆ ಶಾಸನವನ್ನು ಒಪ್ಪಿದವನಲ್ಲ. ಅದು ಚರ್ಚೆಯಲ್ಲಿದ್ದಾಗ, 2009ರಲ್ಲಿ, ಸರ್ಕಾರ ತನ್ನ ಮೆಡಿಕೇರನ್ನು ಮುಟ್ಟದಿರಲೆಂದು ಸಭೆಯೊಂದರಲ್ಲಿ ವೃದ್ಧನೊಬ್ಬ ಗುಡುಗಿದ ಸುದ್ದಿ ದೇಶವೆಲ್ಲ ಹರಡಿತ್ತು. ಮೆಡಿಕೇರ್ ಸರ್ಕಾರದ್ದೇ ಎಂಬುದು ಆ ವೃದ್ಧನಿಗೆ ಮರೆತಿತ್ತು. ಕೇಳಿದವರೆಲ್ಲ ನಕ್ಕರು, ಗೃಹಸ್ಥನು ಮಾತ್ರ ನಗಲಿಲ್ಲ. ಒಮ್ಮೆ ದೊರೆತು ಅಭ್ಯಾಸವಾದ ಮೇಲೆ ದಾನ ಹಕ್ಕಾಗುತ್ತದೆ, ಹಕ್ಕು ಸ್ವಂತ ಗಳಿಕೆಯಾಗಿ ಕಾಣುತ್ತದೆ. ಧಣಿ ಕೊಟ್ಟ ವಿಮೆಯನ್ನು ತಾನೂ ಹಾಗೆಯೇ ಸ್ವಂತದ್ದೆಂದುಕೊಂಡಿರಲಿಲ್ಲವೆ?

ಹೊಸ ಶಾಸನದಡಿ ವಿಮೆ ಕೊಳ್ಳಲು ಸರ್ಕಾರ ಏರ್ಪಡಿಸಿದ್ದ ಅಂತರ್ಜಾಲದ ತಾಣ 2013ರ ಅಕ್ಟೋಬರ್ 1ರಂದು ತೆರೆದ ದಿನವೇ ಕುಸಿಯಿತು. ಸರ್ಕಾರದ ಕೆಲಸವೆಂದರೆ ಹೀಗೆಯೇ ಎಂದು ಗೃಹಸ್ಥನು ಗೊಣಗಿದ. ಗೊಣಗುತ್ತಲೇ ವಾರಗಟ್ಟಲೆ ಪ್ರಯತ್ನಿಸಿ ಹೆಂಡತಿಯ ಹೆಸರನ್ನೂ ತನ್ನ ಹೆಸರನ್ನೂ ನೋಂದಾಯಿಸಿದ. ಅಲ್ಲಿಯೂ ಒಂದು ತೊಡಕಿತ್ತು. ಬಡವರಿಗೆಲ್ಲ ಮೆಡಿಕೇಡ್ ಸಿಗುವುದೆಂದು ನಂಬಿ ಶಾಸನ ರಚಿಸಿದವರು ಕಂತಿನ ಸಹಾಯಧನವನ್ನು ಬಡತನದ ರೇಖೆಗೆ ಮೇಲಿನವರಿಗೆ ಮಾತ್ರ ಇಟ್ಟಿದ್ದರು. 2012ರಲ್ಲಿ ಸರ್ವೋಚ್ಚ ನ್ಯಾಯಾಲಯ ಮೆಡಿಕೇಡಿನ ವಿಸ್ತರಣೆಯನ್ನು ಆಯಾ ರಾಜ್ಯಗಳ ಇಚ್ಛೆಗೆ ಬಿಟ್ಟಿತು. ಮಿಸೌರಿ ರಾಜ್ಯ ಒಲ್ಲೆನೆಂದಿತು. ಆದ್ದರಿಂದ ದಂಪತಿಗಳ ವರ್ಷದ ಆದಾಯ 15,510 ಡಾಲರಿಗೆ ಕಡಿಮೆಯಾದರೆ ಯಾವ ನೆರವೂ ಇಲ್ಲ, ಅದನ್ನು ಮುಟ್ಟಿದರೆ ನೆರವುಂಟು! ಬಡತನ ಹೆಚ್ಚಾದಷ್ಟೂ ಸಹಾಯ ದೂರ. 56ನೆಯ ವಯಸ್ಸಿನಲ್ಲಿ, ಆಸೆಪಟ್ಟ 19 ವರ್ಷಗಳ ಮೇಲೆ, ಗೃಹಸ್ಥನು ಚಿಕ್ಕದೊಂದು ಅಂಗಡಿ ತೆರೆದಾಗ ಆತನ ಪ್ರಾರ್ಥನೆ ವಿಚಿತ್ರವಾಗಿತ್ತು: ಶ್ರೀಮಂತನಾಗದಿದ್ದರೂ ಚಿಂತೆಯಿಲ್ಲ, ಸಹಾಯಕ್ಕೆ ಪಾತ್ರನಾಗುವಷ್ಟು ಸಂಪಾದನೆಯಾದರೂ ಆಗಲಿ! ಆ ಪ್ರಾರ್ಥನೆ ಫಲಿಸಿತು. ಆಕೆ ಪೂರ್ತಿ ಅಳತೆಯ ಇನ್ಸುಲಿನ್ ತೆಗೆದುಕೊಳ್ಳತೊಡಗಿದಳು.

ಕಾನ್ಸಾಸ್ ಸಿಟಿಯ ನಡುವೆ ಒಂದು ಬೀದಿಯಿದೆ. ಅದರ ಹೆಸರೇ ಸ್ಟೇಟ್ ಲೈನ್ ರೋಡ್. ಒಂದು ಪಕ್ಕದ ಮನೆಗಳು ಮಿಸೌರಿ ರಾಜ್ಯಕ್ಕೆ ಸೇರಿದವು, ಎದುರು ಪಕ್ಕದವು ಕಾನ್ಸಾಸ್ ರಾಜ್ಯಕ್ಕೆ. ಗೃಹಸ್ಥನ ಅಂಗಡಿಗೆ ವಾರಕ್ಕೆ 20 ಗಂಟೆಗಳ ಕೆಲಸಕ್ಕೆ ಸೇರಿದ ತರುಣನೊಬ್ಬ ಕಾನ್ಸಾಸಿನ ಕಡೆ ಬಾಡಿಗೆಗಿದ್ದ. ಅವನಿಗೆ ಆಗಾಗ ಉಬ್ಬಸ. ಕಾನ್ಸಾಸಿನಲ್ಲಿ 2017ರಲ್ಲಿ ಶಾಸನಸಭೆಯೇ ಮೆಡಿಕೇಡಿನ ವಿಸ್ತರಣೆಯನ್ನು ಒಪ್ಪಿದ್ದರೂ ರಾಜ್ಯಪಾಲರು ತಡೆದರು. ಮಕ್ಕಳಿಲ್ಲದ, ಅಂಗವಿಕಲನಲ್ಲದ ತರುಣ ಎಷ್ಟೇ ಬಡವನಾದರೂ ಅಲ್ಲಿ ಅವನಿಗೆ ಆ ನೆರವಿಲ್ಲ. ಉಬ್ಬಸ ಮೇರೆ ಮೀರಿದರೆ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಬಹುದು. ಹಣವಿಲ್ಲದಿದ್ದರೂ ಪರೀಕ್ಷಿಸಿ ಪ್ರಾಣಾಪಾಯವನ್ನು ತಪ್ಪಿಸಬೇಕೆಂದು 1986ರ ಶಾಸನ ವಿಧಿಸಿದೆ. ಆಮೇಲೆ ಬಿಲ್ಲು ಮನೆಗೆ ಬರುತ್ತದೆ. ಮೇರೆ ಮೀರದಂತೆ ನೋಡಿಕೊಳ್ಳುವ ಔಷಧಕ್ಕೆ ಮಾತ್ರ ದಾರಿಯಿಲ್ಲ.

ಮಿಸೌರಿಯಲ್ಲಿ 2020ರ ಆಗಸ್ಟ್ 4ರಂದು ಇದೇ ಪ್ರಶ್ನೆಯನ್ನು ನೇರವಾಗಿ ಮತದಾರರ ಮುಂದಿಟ್ಟರು. ಮತಪತ್ರವನ್ನು ಕೈಯಲ್ಲಿ ಹಿಡಿದಾಗ ಗೃಹಸ್ಥನ ಎದುರಿಗೆ ತಂದೆಯ ಮಾತೂ ಬಂದು ನಿಂತಿತು, ಅಂಗಡಿಯ ಮೂಲೆಯಲ್ಲಿ ಕುಳಿತು ಏದುಸಿರು ಬಿಡುವ ಹುಡುಗನ ಮುಖವೂ ಬಂದು ನಿಂತಿತು. ಆತ ಬೇಕೆಂದು ಗುರುತು ಹಾಕಿದ. ನೂರಕ್ಕೆ 53 ಮಂದಿ ಹಾಗೆಯೇ ಹಾಕಿದ್ದರು. ದೇವರು ವರ ಕೊಟ್ಟರೂ ಪೂಜಾರಿ ಕೊಡನೆಂಬಂತೆ, ರಾಜ್ಯದ ಶಾಸನಸಭೆ ಅದಕ್ಕೆ ಹಣ ಮಂಜೂರು ಮಾಡಲಿಲ್ಲ. 2021ರ ಜುಲೈನಲ್ಲಿ ರಾಜ್ಯದ ಉಚ್ಚತಮ ನ್ಯಾಯಾಲಯ, ಪ್ರಜೆಗಳು ಸಂವಿಧಾನದಲ್ಲಿ ಸೇರಿಸಿದ್ದನ್ನು ನಡೆಸಲೇಬೇಕೆಂದು ತೀರ್ಪಿತ್ತ ಮೇಲೆ ಯೋಜನೆ ಜಾರಿಗೆ ಬಂತು. ಮರುವರ್ಷ ಆ ತರುಣ ತನ್ನ ಗಂಟುಮೂಟೆಯನ್ನು ಹೊತ್ತು ಒಂದು ಬೀದಿಯನ್ನು ದಾಟಿ ಈಚೆಗೆ ಬಂದು ಮನೆ ಮಾಡಿದ. ಬಾಡಿಗೆ ಹೆಚ್ಚು, ಆದರೆ ಉಸಿರು ಸರಾಗವಾಯಿತು.

2023ರಲ್ಲಿ ಗೃಹಸ್ಥನಿಗೆ 65 ತುಂಬಿ ಮೆಡಿಕೇರಿನ ಚೀಟಿ ಅಂಚೆಯಲ್ಲಿ ಬಂತು. 2025ರಲ್ಲಿ ಆತನ ಪತ್ನಿಗೂ ಬಂತು. ಅದೇನೂ ಧರ್ಮಛತ್ರವಲ್ಲ. ವೈದ್ಯರ ಶುಲ್ಕದ ಭಾಗಕ್ಕೆ 1966ರಲ್ಲಿ ತಿಂಗಳಿಗೆ 3 ಡಾಲರಿದ್ದ ಕಂತು 2025ರಲ್ಲಿ 185 ಡಾಲರಾಗಿತ್ತು. ಹಲ್ಲಿನ ಸಾಧಾರಣ ಚಿಕಿತ್ಸೆ, ಕನ್ನಡಕ, ದೀರ್ಘಕಾಲದ ಶುಶ್ರೂಷಾಗೃಹದ ವೆಚ್ಚ ಮೂಲ ಯೋಜನೆಯಲ್ಲಿ ಸೇರಿಲ್ಲ. ಆದರೂ ಇನ್ಸುಲಿನ್ನಿಗೆ ತಿಂಗಳಿಗೆ 35 ಡಾಲರಿಗಿಂತ ಹೆಚ್ಚು ತೆರಬೇಕಾಗಿಲ್ಲವೆಂದು 2022ರ ಶಾಸನ ಮೆಡಿಕೇರಿನವರಿಗೆ ಕಟ್ಟುಮಾಡಿದೆ. ಈ ಚೀಟಿಯನ್ನು ಯಾವ ಧಣಿಯೂ ಕಿತ್ತುಕೊಳ್ಳಲಾರ, ಇದಕ್ಕೆ ಬೀದಿಯ ಆಚೆ ಈಚೆ ಎಂಬ ಭೇದವೂ ಇಲ್ಲ. ಬಾಳಿನಲ್ಲಿ ಮೊದಲ ಬಾರಿ ದಂಪತಿಗಳಿಗೆ ಕೈಕಾಲು ಚಾಚಿ ಕುಳಿತ ಅನುಭವವಾಯಿತು. ದುಡಿಯುವ ಶಕ್ತಿಯಿದ್ದಾಗ ಸಿಗದ ನಿಶ್ಚಿಂತೆ ಶಕ್ತಿ ಉಡುಗಿದ ಮೇಲೆ ಬಂತಲ್ಲ ಎಂಬ ಕೊರಗೂ ಅದರ ಜೊತೆಗೇ ಇತ್ತು.

ಎದುರುಪಕ್ಷದ ಮಾತನ್ನು ಗೃಹಸ್ಥನು ಮರೆತಿಲ್ಲ. ಬಹುಕಾಲ ಅದು ಆತನದೇ ಪಕ್ಷವಾಗಿತ್ತು. ಎಲ್ಲರಿಗೂ ಕೊಡಹೊರಟರೆ ತೆರಿಗೆ ಏರುತ್ತದೆ. ಕೆನಡಾದಲ್ಲಿ ಕೆಲವು ಚಿಕಿತ್ಸೆಗಳಿಗೆ ತಿಂಗಳುಗಟ್ಟಲೆ ಕಾಯಬೇಕಾಗುತ್ತದೆ. ಹೊಸ ಔಷಧಗಳೂ ಯಂತ್ರಗಳೂ ಅಮೆರಿಕಾದಲ್ಲಿ ಹುಟ್ಟುವುದಕ್ಕೆ ಅಲ್ಲಿಯ ಹಣದ ಆಸೆಯೂ ಒಂದು ಕಾರಣ. ಇವೆಲ್ಲ ತೂಕವುಳ್ಳ ಮಾತುಗಳು. ಆದರೆ ತಕ್ಕಡಿಯ ಇನ್ನೊಂದು ತಟ್ಟೆಯೂ ಬರಿದಲ್ಲ. 2023ರಲ್ಲಿ ಆ ದೇಶ ಆರೋಗ್ಯಕ್ಕಾಗಿ ಮಾಡಿದ ವೆಚ್ಚ ಸುಮಾರು 4.9 ಲಕ್ಷ ಕೋಟಿ ಡಾಲರು; ತಲೆಗೆ 14,570 ಡಾಲರು. ರಾಷ್ಟ್ರದ ಒಟ್ಟು ಉತ್ಪನ್ನದಲ್ಲಿ ನೂರಕ್ಕೆ 17.6 ಭಾಗ. ಇಷ್ಟು ಸುರಿದೂ ಆ ವರ್ಷ ನೂರಕ್ಕೆ ಸುಮಾರು 8 ಮಂದಿಗೆ ಯಾವ ವಿಮೆಯೂ ಇರಲಿಲ್ಲ. ಹಣ ಸಾಲದೆ ಹೀಗಾಗಿದೆಯೆಂದು ಯಾರೂ ಹೇಳಲಾರರು. ಒಂದೊಂದು ಕಾಲದಲ್ಲಿ ಒಬ್ಬೊಬ್ಬರು ಒಂದೊಂದು ಬಾಗಿಲು ಇಟ್ಟು ಕಟ್ಟಿದ ಮನೆ ಅದು. ಮುದುಕರಿಗೊಂದು, ಬಡವರಿಗೊಂದು, ನೌಕರರಿಗೊಂದು. ತನ್ನ ಬಾಗಿಲು ಮುಚ್ಚಿಹೋದೀತೆಂಬ ಭಯದಿಂದ ಪ್ರತಿಯೊಬ್ಬನೂ ಅದಕ್ಕೆ ಬೆನ್ನುಕೊಟ್ಟು ನಿಂತಿರುವಾಗ ಮನೆಯ ದುರಸ್ತಿಗೆ ಕೈಹಾಕುವವರು ಯಾರು?

2025ರ ಶರತ್ಕಾಲದಲ್ಲಿ ಈ ಜಗಳ ಮತ್ತೆ ಬೀದಿಗೆ ಬಂತು. ವಿಮೆಯ ಕಂತಿಗೆ 2021ರಲ್ಲಿ ಹೆಚ್ಚಿಸಿದ್ದ ಸಹಾಯಧನದ ಅವಧಿ ಆ ವರ್ಷದ ಕೊನೆಗೆ ತೀರುವುದಿತ್ತು. ಅದನ್ನು ಮುಂದುವರಿಸಬೇಕೆ ಬೇಡವೆ ಎಂಬ ಹಟವೇ ಮುಖ್ಯವಾಗಿ, ಅಕ್ಟೋಬರ್ 1ರಿಂದ ನವೆಂಬರ್ 12ರವರೆಗೆ, 43 ದಿನ, ಕೇಂದ್ರ ಸರ್ಕಾರದ ಎಷ್ಟೋ ಕಚೇರಿಗಳು ಮುಚ್ಚಿದವು. ತೆರೆದಾಗ ಪ್ರಶ್ನೆ ಇದ್ದಲ್ಲಿಯೇ ಇತ್ತು.

ಆ ದಿನಗಳಲ್ಲಿಯೇ ಗೃಹಸ್ಥನು ಅಂಗಡಿಯನ್ನು ಆ ತರುಣನಿಗೆ ವಹಿಸುವ ಮಾತೆತ್ತಿದ. ಕೈ ನಡುಗತೊಡಗಿತ್ತು, ಚರ್ಮದ ಬೆನ್ನಿಗೆ ಚಿನ್ನದ ಅಕ್ಷರ ಒತ್ತುವ ಕೆಲಸವನ್ನು ಈಗ ಹುಡುಗನೇ ಚೆನ್ನಾಗಿ ಮಾಡುತ್ತಿದ್ದ. ಹುಡುಗನ ಕಣ್ಣು ಅರಳಿತು, ಮರುಕ್ಷಣವೇ ಬಾಡಿತು. ಇಬ್ಬರೂ ಕಾಗದ ತೆಗೆದುಕೊಂಡು ಲೆಕ್ಕ ಹಾಕಿದರು. ಹೀಗೆಯೇ ವಾರಕ್ಕೆ 20 ಗಂಟೆ ದುಡಿಯುತ್ತಿದ್ದರೆ ಮೆಡಿಕೇಡ್ ಉಳಿಯುತ್ತದೆ. 2025ರ ಜುಲೈನಲ್ಲಿ ಆದ ಶಾಸನದಂತೆ 2027ರ ಆರಂಭದಿಂದ ತಿಂಗಳಿಗೆ 80 ಗಂಟೆ ದುಡಿದುದಕ್ಕೆ ಸಾಕ್ಷ್ಯ ಒದಗಿಸಿದರಾಯಿತು. ಅಂಗಡಿಯ ಒಡೆಯನಾದರೆ ಆದಾಯ ಮಿತಿಯನ್ನು ದಾಟುತ್ತದೆ, ವಿಮೆಯನ್ನು ಕೊಳ್ಳಬೇಕಾಗುತ್ತದೆ, ಸಹಾಯಧನ ಇಳಿದರೆ ಕಂತು ಏರುತ್ತದೆ. ಒಳ್ಳೆಯ ಕಸುಬುದಾರನಿಗೆ ಅಂಗಡಿ ನಡೆಸಬಲ್ಲೆಯಾ ಎಂದು ಕೇಳಬೇಕಾದ ಕಡೆ, ಉಬ್ಬಸಕ್ಕೇನು ಮಾಡುತ್ತೀಯೆ ಎಂದು ಕೇಳಬೇಕಾಗಿ ಬಂತು.

30 ವರ್ಷಗಳ ಹಿಂದೆ ತಾನು ಬರೆದ ಲೆಕ್ಕವನ್ನೇ ಇನ್ನೊಬ್ಬನ ಅಕ್ಷರದಲ್ಲಿ ಗೃಹಸ್ಥನು ಕಂಡ. ಒಂದು ವ್ಯತ್ಯಾಸವುಂಟು. ಆಗ ಕಾಯಿಲೆಯ ಕಾರಣಕ್ಕೆ ಇಲ್ಲವೆಂದು ಬಾಗಿಲು ಹಾಕುತ್ತಿದ್ದರು. ಈಗ ಹಾಗೆನ್ನಲು ಶಾಸನ ಬಿಡುವುದಿಲ್ಲ, ಬೆಲೆಯನ್ನಷ್ಟೇ ಹೇಳುತ್ತಾರೆ. 30 ವರ್ಷಗಳಲ್ಲಿ ಇಷ್ಟು ದಾರಿ ಸವೆದಿದೆ. ಇದು ಅಲ್ಪವೆಂದೂ ಹೇಳಲಾಗದು, ಸಾಕೆಂದೂ ಹೇಳಲಾಗದು. ಸರ್ಕಾರ ಮನೆಯೊಳಗೆ ಬಾರದಿರುವುದೇ ಸ್ವಾತಂತ್ರ್ಯವೆಂದು ಆತನ ತಂದೆ ನಂಬಿದ್ದರು. ಮನೆಯ ಯಜಮಾನ ಅಂಜದೆ ಹೊರಗೆ ಹೋಗಿಬರುವಂತಿರಬೇಕೆಂಬುದನ್ನೂ ಮಗ ಆ ಮಾತಿಗೆ ಸೇರಿಸಿಕೊಂಡಿದ್ದಾನೆ.

ಹುಡುಗ ಇನ್ನೂ ಉತ್ತರ ಕೊಟ್ಟಿಲ್ಲ. ಗೃಹಸ್ಥನೂ ಅವಸರಪಡಿಸಿಲ್ಲ. ಅಂಗಡಿಯ ಬೀಗದ ಕೈಯ ಜೋಡಿಯೊಂದನ್ನು ಮಾತ್ರ ಮಾಡಿಸಿ, ಕತ್ತರಿ ಸೂಜಿಗಳಿರುವ ಪೆಟ್ಟಿಗೆಯಲ್ಲಿ ಹುಡುಗನ ಕೈಗೆ ಸಿಗುವಂತೆ ಇಟ್ಟಿದ್ದಾನೆ.